ಏನನ್ನು ತೆಗೆಯಬೇಕು, ಏನನ್ನು ಬಿಡಬೇಕು: ಕಟ್ಟಡಗಳ ಫೋಟೋ ತೆಗೆಯುವ ಕೆಲಸ

(ಫೋಟೋಗ್ರಫಿಗೆ ಹೊಸದಾಗಿ ಕಾಲಿಟ್ಟಿರುವವರು ಮತ್ತು ಆರ್ಕಿಟೆಕ್ಚರ್ ಓದುತ್ತಿರುವವರ ಮುಂದೆ ಆಡಿದ ಮಾತುಗಳ ಬರಹ ರೂಪ ಇದು. ಆವತ್ತು ಪರದೆಯ ಮೇಲೆ ಚಿತ್ರಗಳಿದ್ದವು, ಇಲ್ಲಿ ಇಲ್ಲ. ಹಾಗಾಗಿ ಕೆಲವು ಕಡೆ ಮಾತನ್ನು ಸ್ವಲ್ಪ ಬಿಡಿಸಿ ಬರೆದಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಕನ್ನಡದಲ್ಲಿ ನಾವು ಫೋಟೋ ‘ತೆಗೆಯುವುದು’ ಅಂತೀವಿ. ‘ತೆಗೆ’ ಅಂದರೆ ಆಚೆ ಸರಿಸು, ಇಲ್ಲಿಂದ ಎತ್ತು ಅನ್ನುವ ಅರ್ಥವೂ ಇದೆ. ಕಟ್ಟಡಗಳ ಫೋಟೋಗ್ರಫಿಗೆ ಈ ಎರಡನೇ ಅರ್ಥ ಎಷ್ಟು ಚೆನ್ನಾಗಿ ಹೊಂದುತ್ತದೆ ಅಂದರೆ, ಒಂದು ಮನೆಯ ಒಳಗೆ ಶೂಟ್ ಮಾಡಲು ಹೋದ ದಿನ ಮೊದಲ ಒಂದು ಗಂಟೆ ನಾನು ಕ್ಯಾಮೆರಾ ಮುಟ್ಟುವುದೇ ಇಲ್ಲ. ಆದರೂ ತೆಗೆಯುತ್ತಲೇ ಇರುತ್ತೇನೆ. ಚಾರ್ಜರ್ ವೈರು ತೆಗೆ. ಕಾಲೊರಸು ತೆಗೆ. ಕಸದ ಬುಟ್ಟಿ ತೆಗೆ. ಸೋಪಿನ ಬಾಟಲಿ ತೆಗೆ. ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ ಚೀಟಿ ತೆಗೆ.

ಇವತ್ತು ನಾನು ಮಾತಾಡಬೇಕು ಅಂದುಕೊಂಡಿರುವುದು ಇದನ್ನೇ. ಏನನ್ನು ತೆಗೆಯಬಹುದು, ಏನನ್ನು ತೆಗೆಯಬಾರದು. ಲೆನ್ಸು, ಬೆಳಕು, ಕರಾರು ಎಲ್ಲ ಬರುತ್ತವೆ. ಆದರೆ ಎಲ್ಲಿ ಸುತ್ತಿದರೂ ಕೊನೆಗೆ ಇಲ್ಲಿಗೇ ಬರುತ್ತೇನೆ.

ಇಷ್ಟು ಚಿಕ್ಕ ವಿಷಯಕ್ಕೆ ಯಾಕೆ ಇಷ್ಟೊಂದು ತಲೆ ಕೆಡಿಸಿಕೊಳ್ಳಬೇಕು ಅನ್ನಿಸಬಹುದು. ಒಂದು ಕಟ್ಟಡವನ್ನು ಕಣ್ಣಾರೆ ನೋಡುವವರು ಎಷ್ಟು ಜನ ಹೇಳಿ? ಅಲ್ಲಿ ಇರುವವರು, ಬಂದು ಹೋಗುವವರು, ಅಷ್ಟೇ ಅಲ್ವಾ. ಮಿಕ್ಕವರಿಗೆಲ್ಲ ಫೋಟೋನೇ ಕಟ್ಟಡ. ಮೀಸ್ ವಾನ್ ಡೆರ್ ರೋಹೆ ಅನ್ನುವ ಆರ್ಕಿಟೆಕ್ಟ್ 1929ರಲ್ಲಿ ಬಾರ್ಸಿಲೋನಾದ ವಸ್ತುಪ್ರದರ್ಶನಕ್ಕಾಗಿ ಜರ್ಮನಿಯ ಪೆವಿಲಿಯನ್, ಅಂದರೆ ಪ್ರದರ್ಶನ ಮಂಟಪ, ವಿನ್ಯಾಸ ಮಾಡಿದರು. ಮರುವರ್ಷವೇ ಅದನ್ನು ಬಿಚ್ಚಿಹಾಕಿದರು. ಅದೇ ಜಾಗದಲ್ಲಿ ಅದು ಮತ್ತೆ ಎದ್ದು ನಿಂತದ್ದು 1986ರಲ್ಲಿ. ನಡುವಿನ ಐವತ್ತಕ್ಕೂ ಹೆಚ್ಚು ವರ್ಷ ಆ ಕಟ್ಟಡ ಬದುಕಿದ್ದು ನಕ್ಷೆಗಳಲ್ಲಿ, ಕೆಲವು ಕಪ್ಪು ಬಿಳುಪು ಫೋಟೋಗಳಲ್ಲಿ. ಎರಡು ತಲೆಮಾರಿನ ಆರ್ಕಿಟೆಕ್ಟ್‌ಗಳು ಅದನ್ನು ಕಲಿತದ್ದು ಆ ಫೋಟೋಗಳಿಂದ. ಅಲ್ಲಿ ಹಸಿರು ಅಮೃತಶಿಲೆಯ ಗೋಡೆ ಇತ್ತು, ಹೊನ್ನಿನ ಬಣ್ಣದ ಓನಿಕ್ಸ್ ಕಲ್ಲಿತ್ತು, ಕೆಂಪು ಪರದೆ ಇತ್ತು. ಫೋಟೋದಲ್ಲಿ ಎಲ್ಲವೂ ಬೂದು. ಆಗಿನ ಫಿಲ್ಮು ಬಣ್ಣವನ್ನು ತೆಗೆದುಬಿಟ್ಟಿತ್ತು. ಯಾರದೂ ತಪ್ಪಲ್ಲ. ಆದರೆ ಒಂದು ಫೋಟೋ ಏನನ್ನು ಬಿಟ್ಟುಬಿಡುತ್ತದೋ ಅದನ್ನು ಲೋಕವೂ ಬಿಟ್ಟುಬಿಡುತ್ತದೆ ಅನ್ನುವುದಕ್ಕೆ ನನಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಕ್ಕಿಲ್ಲ.

ದುಡ್ಡು ಕೊಟ್ಟು ಕಟ್ಟಡದ ಫೋಟೋ ತೆಗೆಸುವುದು ಹೊಸ ಸಂಗತಿಯೇನಲ್ಲ. 1851ರಲ್ಲೇ ಫ್ರಾನ್ಸಿನ ಸ್ಮಾರಕಗಳ ಆಯೋಗ ಐದು ಜನ ಫೋಟೋಗ್ರಾಫರ್‌ಗಳಿಗೆ ಕೆಲಸ ವಹಿಸಿ, ದೇಶದ ಬೇರೆ ಬೇರೆ ಭಾಗಗಳಿಗೆ ಕಳಿಸಿತು. ಹಳೆಯ ಕಟ್ಟಡಗಳು ಈಗ ಯಾವ ಸ್ಥಿತಿಯಲ್ಲಿವೆ ಅನ್ನುವುದನ್ನು ಚಿತ್ರದಲ್ಲಿ ಹಿಡಿದು ತರಬೇಕಿತ್ತು. ಯಾವುದಕ್ಕೆ ರಿಪೇರಿ ಬೇಕು ಅಂತ ಗೊತ್ತಾಗಬೇಕಿತ್ತು. ಅಂದರೆ ಅವರಿಗೆ ಬಿರುಕು ಕಾಣಬೇಕಿತ್ತು. ನಮಗೆ ಕೆಲಸ ಕೊಡುವವರು ಹೆಚ್ಚಾಗಿ ಬಿರುಕು ಕಾಣದ ಹಾಗೆ ತೆಗೆಯಿರಿ ಅಂತಾರೆ. ಕೆಲಸ ಅದೇ, ಕೊಡುವವರ ಅಗತ್ಯ ಬೇರೆ.

ಅದಕ್ಕೇ ಫೋನ್ ಬಂದ ತಕ್ಷಣ ನಾನು ಕೇಳುವ ಮೊದಲ ಮಾತು, ‘ಇದು ಯಾರಿಗಾಗಿ?’ ಆರ್ಕಿಟೆಕ್ಟ್‌ಗೆ ಕಟ್ಟಡದ ಯೋಚನೆ ಕಾಣಬೇಕು. ಇಂಟೀರಿಯರ್ ಡಿಸೈನರ್‌ಗೆ ಬಟ್ಟೆ, ಮರ, ಬಣ್ಣ ಒಂದಕ್ಕೊಂದು ಹೇಗೆ ಕೂಡಿವೆ ಅನ್ನುವುದು ಕಾಣಬೇಕು. ಟೈಲ್ಸ್ ಕಂಪನಿಗೆ ನೆಲ ಕಾಣಬೇಕು. ಹೋಟೆಲಿನವರಿಗೆ ‘ಇಲ್ಲೊಂದು ರಾತ್ರಿ ಇರಬೇಕು’ ಅಂತ ನೋಡುವವರಿಗೆ ಅನ್ನಿಸಬೇಕು. ಒಂದೇ ಕೋಣೆ, ನಾಲ್ಕು ಕೆಲಸ. ಇದನ್ನು ಮೊದಲೇ ಕೇಳಿಕೊಳ್ಳದೆ ಹೋದರೆ ಎಷ್ಟು ಚೆಂದದ ಫೋಟೋ ತಂದರೂ ‘ಚೆನ್ನಾಗಿದೆ, ಆದರೆ...’ ಅನ್ನುವ ಮಾತು ಬರುತ್ತದೆ.

ಎರಡನೇ ಪ್ರಶ್ನೆ ಇನ್ನೂ ಮುಖ್ಯ. ಆರ್ಕಿಟೆಕ್ಟ್ ಎದುರು ಕೂತು, ನಕ್ಷೆ ಬಿಡಿಸಿಟ್ಟುಕೊಂಡು ಕೇಳುತ್ತೇನೆ: ‘ಈ ಕಟ್ಟಡದಲ್ಲಿ ನಿಮ್ಮ ನಿದ್ದೆ ಕೆಡಿಸಿದ್ದು ಯಾವುದು?’ ಚೆನ್ನಾಗಿರುವುದು ಯಾವುದು ಅಂತ ಕೇಳಿದರೆ ಎಲ್ಲರೂ ಮುಂಭಾಗ ತೋರಿಸುತ್ತಾರೆ. ನಿದ್ದೆ ಕೆಡಿಸಿದ್ದನ್ನು ಕೇಳಿದರೆ ಕಥೆ ಹೊರಗೆ ಬರುತ್ತದೆ. ಒಮ್ಮೆ ಒಬ್ಬರು ಒಂದು ಮೆಟ್ಟಿಲಿನ ಬಗ್ಗೆ ಹೇಳಿದರು. ಜಾಗದಲ್ಲಿ ಒಂದು ಮರ ಇತ್ತು, ಅದನ್ನು ಕಡಿಯಬಾರದು ಅಂತ ತೀರ್ಮಾನ ಮಾಡಿದ್ದರು. ಅದಕ್ಕಾಗಿ ಮೆಟ್ಟಿಲು ಎರಡು ಸಲ ತಿರುಗಬೇಕಾಯಿತು. ತಿರುವಿನಲ್ಲಿ ನಿಂತರೆ ಕೊಂಬೆ ಕೈಗೆ ಸಿಗುವಷ್ಟು ಹತ್ತಿರ. ಆ ಮೆಟ್ಟಿಲು ನನಗೆ ಕೊಟ್ಟ ಪಟ್ಟಿಯಲ್ಲಿ ಇರಲೇ ಇಲ್ಲ. ಕೇಳಿರದಿದ್ದರೆ ಹತ್ತಿ ಇಳಿದು ಬಂದುಬಿಡುತ್ತಿದ್ದೆ.

ಶೂಟ್‌ಗೆ ಮೊದಲು ಒಂದು ದಿನ ಬರಿಗೈಯಲ್ಲಿ ಹೋಗಿ. ಜೇಬಿನಲ್ಲಿ ಫೋನ್ ಇದ್ದರೆ ಸಾಕು. ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಮೂರು ಹೊತ್ತೂ ಸುತ್ತಿ. ಬೆಳಕು ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆ ಅಂತ ಗುರುತು ಹಾಕಿಕೊಳ್ಳಿ. ಪೂರ್ವದ ಗೋಡೆಗೆ ಬೆಳಿಗ್ಗೆ, ಪಶ್ಚಿಮದ್ದಕ್ಕೆ ಸಂಜೆ, ಇದು ಎಲ್ಲರಿಗೂ ಗೊತ್ತು. ಆದರೆ ಎದುರಿನ ಕಟ್ಟಡದ ನೆರಳು ಎಷ್ಟು ಹೊತ್ತಿಗೆ ಬಂದು ಬೀಳುತ್ತದೆ ಅನ್ನುವುದನ್ನು ನಕ್ಷೆ ಹೇಳುವುದಿಲ್ಲ. ಹಿಂದಿನ ಮನೆಯ ಗಾಜಿನಿಂದ ಬಿಸಿಲು ತಿರುಗಿ ಬಂದು ಹತ್ತು ನಿಮಿಷ ಮಾತ್ರ ಅಡುಗೆಮನೆಯ ಗೋಡೆ ಮೇಲೆ ಆಡುವುದನ್ನೂ ಹೇಳುವುದಿಲ್ಲ. ಉಳಿದುಕೊಂಡಿರುವ ಅತ್ಯಂತ ಹಳೆಯ ಕ್ಯಾಮೆರಾ ಚಿತ್ರ ಸುಮಾರು 1827ರದು. ನಿಯೆಪ್ಸ್ ಅನ್ನುವವರು ತಮ್ಮ ಮನೆಯ ಕಿಟಕಿಯಿಂದ ಕಂಡ ಮಾಡು, ಗೋಡೆಗಳನ್ನು ಹಿಡಿದದ್ದು. ಗಂಟೆಗಟ್ಟಲೆ ಬೆಳಕಿಗೆ ಒಡ್ಡಬೇಕಿತ್ತು. ಅಷ್ಟರಲ್ಲಿ ಸೂರ್ಯ ಈ ಕಡೆಯಿಂದ ಆ ಕಡೆಗೆ ಹೋಗಿದ್ದ. ಹಾಗಾಗಿ ಆ ಚಿತ್ರದಲ್ಲಿ ಎದುರುಬದುರಿನ ಗೋಡೆಗಳೆರಡರ ಮೇಲೂ ಬಿಸಿಲು ಕಾಣುತ್ತದೆ. ಹೊಸ ಕಟ್ಟಡಕ್ಕೆ ಹೋದಾಗಲೆಲ್ಲ ನನಗೆ ಆ ಚಿತ್ರ ನೆನಪಾಗುತ್ತದೆ. ನಾನು ಬೆಳಿಗ್ಗೆಯಿಂದ ಸಂಜೆವರೆಗೆ ಸುತ್ತಿ ನೋಡಿದ್ದನ್ನು ನಿಯೆಪ್ಸರ ಒಂದೇ ತಗಡು ನೋಡಿಬಿಟ್ಟಿತ್ತು.

ಇನ್ನು ಕ್ಯಾಮೆರಾ. ಟ್ರೈಪಾಡ್ ಇಲ್ಲದೆ ಈ ಕೆಲಸ ಇಲ್ಲ. ಕ್ಯಾಮೆರಾ ನೆಲಕ್ಕೆ ಸಮ ಇರಬೇಕು, ಮೇಲಕ್ಕೋ ಕೆಳಕ್ಕೋ ಬಗ್ಗಬಾರದು. ಬಗ್ಗಿದರೆ ಗೋಡೆಗಳು ಹಿಂದಕ್ಕೆ ಬೀಳುವ ಹಾಗೆ ಕಾಣುತ್ತವೆ. ಸಮ ಇಟ್ಟರೆ ಎತ್ತರದ ಕಟ್ಟಡದ ತಲೆ ಫ್ರೇಮಿನಲ್ಲಿ ಕತ್ತರಿಸಿ ಹೋಗುತ್ತದೆ, ಕೆಳಗೆ ಸುಮ್ನೆ ರಸ್ತೆ ತುಂಬಿಕೊಳ್ಳುತ್ತದೆ. ಇದಕ್ಕೆ ಶಿಫ್ಟ್ ಲೆನ್ಸ್ ಇದೆ. ಕ್ಯಾಮೆರಾ ಅಲ್ಲಾಡದೆ ನಿಂತಿರುತ್ತದೆ, ಲೆನ್ಸ್ ಮಾತ್ರ ಮೇಲಕ್ಕೆ ಜರುಗುತ್ತದೆ. ಸಾಮಾನ್ಯವಾಗಿ 11, 12 ಮಿಲಿಮೀಟರ್ ಅಷ್ಟೇ. ಆದರೆ ಅಷ್ಟರಲ್ಲಿ ಮಾಡು ಒಳಗೆ ಬರುತ್ತದೆ, ರಸ್ತೆ ಹೊರಗೆ ಹೋಗುತ್ತದೆ, ಗೋಡೆ ನೆಟ್ಟಗೇ ಇರುತ್ತದೆ. ಮಡಿಕೆ ಮಡಿಕೆಯ ಬೆಲ್ಲೋಸ್ ಇದ್ದ ಹಳೆಯ ಕ್ಯಾಮೆರಾಗಳು ಇದೇ ಕೆಲಸ ಮಾಡುತ್ತಿದ್ದವು. ಶಿಫ್ಟ್ ಲೆನ್ಸ್ ದುಬಾರಿ. ಶುರುವಿನಲ್ಲಿ ಇಲ್ಲದಿದ್ದರೆ ಸ್ವಲ್ಪ ಅಗಲವಾಗಿ ತೆಗೆದು ಆಮೇಲೆ ಕಂಪ್ಯೂಟರಿನಲ್ಲಿ ನೆಟ್ಟಗೆ ಮಾಡಿ. ಅಂಚು ಒಂದಷ್ಟು ಕಳೆದುಹೋಗುತ್ತದೆ ಅನ್ನುವುದನ್ನು ನೆನಪಿಟ್ಟುಕೊಂಡು ಫ್ರೇಮ್ ಮಾಡಿ.

ಅಗಲ ಲೆನ್ಸ್ ಬಗ್ಗೆ ಮಾತ್ರ ನಾನು ಸ್ವಲ್ಪ ಗಟ್ಟಿಯಾಗಿ ಹೇಳುತ್ತೇನೆ. ಚಿಕ್ಕ ಕೋಣೆಗೆ ಹೋದ ತಕ್ಷಣ 14, 16 ಮಿಲಿಮೀಟರ್ ಲೆನ್ಸ್ (ಸಂಖ್ಯೆ ಚಿಕ್ಕದಾದಷ್ಟೂ ನೋಟ ಅಗಲ) ಹಾಕುವ ಆಸೆ ಬರುತ್ತದೆ. ನಾಲ್ಕೂ ಮೂಲೆ ಬರುತ್ತವೆ, ನಿಜ. ಆದರೆ ಅಂಚಿನಲ್ಲಿರುವ ದುಂಡು ದೀಪ ಮೊಟ್ಟೆಯಾಗುತ್ತದೆ. ಹತ್ತಿರದ ಸೋಫಾ ಹಡಗಿನಷ್ಟು ಉದ್ದವಾಗುತ್ತದೆ. ಎದುರಿನ ಗೋಡೆ ದೂರ ಓಡಿಹೋಗುತ್ತದೆ. ಆ ಫೋಟೋ ನೋಡಿ ಬಂದವರು ಬಾಗಿಲಲ್ಲೇ ನಿಂತು ‘ಓ, ಇಷ್ಟೇನಾ’ ಅಂತಾರೆ. ಆ ‘ಇಷ್ಟೇನಾ’ ಆರ್ಕಿಟೆಕ್ಟ್‌ಗೆ ನಾವು ಮಾಡಿದ ಅನ್ಯಾಯ. ಚಿಕ್ಕ ಕೋಣೆಯನ್ನು ಹಿತವಾಗಿ ಕಟ್ಟಲು ಅವರು ಪಟ್ಟ ಪಾಡನ್ನು ನಾವು ದೊಡ್ಡದು ಮಾಡಲು ಹೋಗಿ ಅಳಿಸಿದಂತಾಯಿತು. ಫುಲ್ ಫ್ರೇಮ್ ಕ್ಯಾಮೆರಾದಲ್ಲಿ (ಹಳೆಯ 35 ಎಂಎಂ ಫಿಲ್ಮಿನಷ್ಟೇ ದೊಡ್ಡ ಸೆನ್ಸರ್ ಇರುವಂಥದ್ದು) ನನ್ನ ಬಹುಪಾಲು ಕೆಲಸ 24ರಿಂದ 50 ಮಿಲಿಮೀಟರ್ ಒಳಗೆ ಮುಗಿಯುತ್ತದೆ. ಜಾಗ ಸಾಲದಿದ್ದರೆ ಬಾಗಿಲ ಆಚೆ ನಿಲ್ಲುತ್ತೇನೆ, ಬಾಗಿಲ ಚೌಕಟ್ಟನ್ನೂ ಸೇರಿಸಿಕೊಳ್ಳುತ್ತೇನೆ. ಒಂದು ಕೋಣೆಯ ಎರಡು ಗೋಡೆ ಕಂಡರೆ ಸಾಕು, ಮೂರನೆಯದು ಇದೆ ಅಂತ ನೋಡುವವರಿಗೆ ಗೊತ್ತಾಗುತ್ತದೆ.

ಎತ್ತರವೂ ಅಷ್ಟೇ. ನಿಂತ ಕಣ್ಣಿನ ಎತ್ತರದಿಂದ ತೆಗೆದರೆ ಮೇಜು, ಹಾಸಿಗೆ, ನೆಲ ಎಲ್ಲ ಜಾಸ್ತಿ ಕಾಣುತ್ತವೆ, ಕೋಣೆ ಕೆಳಕ್ಕೆ ಜಾರಿದ ಹಾಗಿರುತ್ತದೆ. ಕೂತು ಬಳಸುವ ಕೋಣೆಯನ್ನು ಕೂತವರ ಕಣ್ಣಿನಿಂದ ತೆಗೆಯಿರಿ, ಸುಮಾರು 1.1, 1.2 ಮೀಟರ್. ಅಡುಗೆಮನೆಯಲ್ಲಿ ಕಟ್ಟೆಗಿಂತ ಸ್ವಲ್ಪ ಮೇಲೆ ಇಡಿ, ಕಟ್ಟೆಯ ಮೇಲ್ಮೈ ತೆಳ್ಳಗೆ ಒಂದು ಪಟ್ಟಿಯ ಹಾಗೆ ಕಂಡರೆ ಸಾಕು.

ಈಗ ಒಂದು ಕುರ್ಚಿಯ ವಿಷಯ. ಊಟದ ಮೇಜಿನ ಸುತ್ತ ಆರು ಕುರ್ಚಿ ಇವೆ ಅಂದುಕೊಳ್ಳಿ. ಕಣ್ಣಿಗೆ ಎಲ್ಲ ಅಚ್ಚುಕಟ್ಟಾಗಿವೆ. ಕ್ಯಾಮೆರಾವನ್ನು ಲ್ಯಾಪ್‌ಟಾಪ್‌ಗೆ ಜೋಡಿಸಿ ಪರದೆ ಮೇಲೆ ನೋಡಿದರೆ ಬೇರೆಯೇ ಕಥೆ. ಮುಂದಿನ ಕುರ್ಚಿಯ ಕಾಲು ಹಿಂದಿನ ಮೇಜಿನ ಕಾಲಿಗೆ ಅಂಟಿಕೊಂಡು ಒಂದೇ ದಪ್ಪ ಕಂಬದ ಹಾಗೆ ಕಾಣುತ್ತಿದೆ. ಸಹಾಯಕರು ಕುರ್ಚಿ ಹಿಡಿದು ನಿಲ್ಲುತ್ತಾರೆ. ನಾನು ಪರದೆ ನೋಡುತ್ತಾ ಹೇಳುತ್ತೇನೆ, ಎಡಕ್ಕೆ ಎರಡು ಬೆರಳು. ಸಾಕು. ಅರ್ಧ ಬೆರಳು ಹಿಂದೆ. ಈಗ ನಡುವೆ ಒಂದು ಸೀಳು ಬೆಳಕು ಬಂತು. ಅಷ್ಟರಲ್ಲಿ ಕುರ್ಚಿಯ ಬೆನ್ನು ಕಿಟಕಿಯ ಪಟ್ಟಿಗೆ ಅಡ್ಡ ಬಂತು. ಮತ್ತೆ ತಿರುಗಿಸು. ಹೀಗೆ ಒಂದು ಫ್ರೇಮ್‌ಗೆ ನಲವತ್ತು ನಿಮಿಷ ಹೋಗುತ್ತದೆ. ಕೊನೆಗೆ ಕೋಣೆಯಲ್ಲಿ ನಿಂತು ನೋಡಿದರೆ ಕುರ್ಚಿಗಳೆಲ್ಲ ಅಡ್ಡಾದಿಡ್ಡಿ. ಪರದೆಯಲ್ಲಿ ಮಾತ್ರ ನೆಟ್ಟಗೆ. ಕ್ಯಾಮೆರಾಗೆ ಒಂದೇ ಕಣ್ಣು. ನಾವು ಎರಡು ಕಣ್ಣಿನಿಂದ ಹಿಂದೆ ಮುಂದೆ ಬೇರೆ ಮಾಡಿ ನೋಡುವುದನ್ನು ಅದಕ್ಕೆ ನಾವೇ ಬಿಡಿಸಿ ಕೊಡಬೇಕು. ಇದನ್ನು ನಾನು ಮೋಸ ಅಂದುಕೊಳ್ಳುವುದಿಲ್ಲ. ಕುರ್ಚಿ ಅದೇ, ಮೇಜು ಅದೇ. ನಮ್ಮ ಕಣ್ಣಿಗೆ ಕಂಡದ್ದನ್ನು ಕ್ಯಾಮೆರಾಗೂ ಕಾಣಿಸಿದೆವು, ಅಷ್ಟೇ.

ಬೆಳಕಿನಲ್ಲೂ ಇದೇ ಪ್ರಶ್ನೆ. ಬೆಳಕಿನ ಬಣ್ಣವನ್ನು ಕೆಲ್ವಿನ್‌ನಲ್ಲಿ ಅಳೆಯುತ್ತಾರೆ. ಹಗಲಿನ ಬೆಳಕು ಸುಮಾರು 5500 ಕೆಲ್ವಿನ್. ಮನೆಯ ಹಳದಿ ಬಲ್ಬು 2700, 3000. ಎರಡೂ ಒಟ್ಟಿಗೆ ಇದ್ದರೆ ಕ್ಯಾಮೆರಾ ಒಂದನ್ನು ಬಿಳಿ ಅಂದುಕೊಂಡು ಇನ್ನೊಂದನ್ನು ನೀಲಿಯೋ ಕಿತ್ತಳೆಯೋ ಮಾಡುತ್ತದೆ. ನಮ್ಮ ಮಿದುಳು ಇದನ್ನು ತಾನಾಗಿ ಸರಿ ಮಾಡಿಕೊಳ್ಳುತ್ತದೆ, ಹಾಗಾಗಿ ಅಲ್ಲಿ ನಿಂತಾಗ ತೊಂದರೆ ಗೊತ್ತೇ ಆಗುವುದಿಲ್ಲ. ಹಗಲಿನಲ್ಲಿ ನಾನು ಸಾಮಾನ್ಯವಾಗಿ ಎಲ್ಲ ದೀಪ ಆರಿಸಿಬಿಡುತ್ತೇನೆ. ಕಿಟಕಿಯ ಬೆಳಕೊಂದೇ ಇದ್ದಾಗ ಗೋಡೆಗೆ ಗೋಡೆಯ ಬಣ್ಣ ಬರುತ್ತದೆ, ನೆರಳಿಗೆ ಒಂದು ದಿಕ್ಕು ಬರುತ್ತದೆ. ಲೈಟಿಂಗ್ ಡಿಸೈನರ್ ಇದ್ದ ಕೆಲಸವಾದರೆ ದೀಪಗಳಿಗೇ ಬೇರೆ ಹೊತ್ತು ಇಟ್ಟುಕೊಳ್ಳಿ. ಕೆಲವು ಎಲ್‌ಇಡಿ ದೀಪಗಳು ಕರೆಂಟಿನ ಜೊತೆ ಮಿನುಗುತ್ತವೆ, 50 ಹರ್ಟ್ಸ್ ಇದ್ದಲ್ಲಿ ಸೆಕೆಂಡಿಗೆ 100 ಸಲ. ಶಟರ್ ವೇಗ ಜಾಸ್ತಿ ಇದ್ದರೆ ಚಿತ್ರದಲ್ಲಿ ಪಟ್ಟೆ ಬೀಳುತ್ತದೆ. ಟ್ರೈಪಾಡ್ ಮೇಲೆ ನಿಧಾನ ಶಟರ್ ಇಟ್ಟರೆ ಈ ಕಾಟ ಇಲ್ಲ.

ಸಂಜೆ ಸೂರ್ಯ ಮುಳುಗಿದ ಮೇಲೆ ಒಂದು ಹೊತ್ತು ಬರುತ್ತದೆ. ಹೊರಗಿನ ಆಕಾಶ, ಒಳಗಿನ ದೀಪ ಎರಡೂ ಒಂದೇ ತೂಕಕ್ಕೆ ನಿಲ್ಲುತ್ತವೆ. ಎಷ್ಟು ಹೊತ್ತು ಅನ್ನುವುದು ಊರಿಗೆ, ಕಾಲಕ್ಕೆ ತಕ್ಕಂತೆ ಬೇರೆ. ಒಳ್ಳೆಯದಾಗಿ ಸಿಗುವುದು ಹದಿನೈದು ಇಪ್ಪತ್ತು ನಿಮಿಷ. ಅಷ್ಟರಲ್ಲಿ ಒಂದೇ ಫ್ರೇಮ್ ಸಾಧ್ಯ. ಅದಕ್ಕೆ ಒಂದು ಗಂಟೆ ಮೊದಲೇ ಟ್ರೈಪಾಡ್ ಊರಿ, ಕುರ್ಚಿಗಳನ್ನು ಜೋಡಿಸಿ, ಎಲ್ಲ ಕೋಣೆಯ ದೀಪ ಹಾಕಿ, ಅಲ್ಲೇ ನಿಂತಿರಬೇಕು. ಕ್ಯಾಮೆರಾ ಒಂದು ಕೂದಲೂ ಕದಲಬಾರದು. ಎರಡು ಮೂರು ನಿಮಿಷಕ್ಕೊಮ್ಮೆ, ಬೇರೆ ಬೇರೆ ಎಕ್ಸ್‌ಪೋಶರ್‌ಗಳಲ್ಲಿ, ಅಂದರೆ ಒಳಗೆ ಬಿಡುವ ಬೆಳಕನ್ನು ಹೆಚ್ಚು ಕಡಿಮೆ ಮಾಡುತ್ತಾ, ತೆಗೆಯುತ್ತಾ ಹೋಗುತ್ತೇನೆ. ಆಮೇಲೆ ಕೂತು ಇದರಿಂದ ಆಕಾಶ, ಅದರಿಂದ ದೀಪ ಅಂತ ಕೈಯಾರೆ ಬೆರೆಸುತ್ತೇನೆ. ಕಂಪ್ಯೂಟರ್ ತಾನೇ ಬೆರೆಸಿ ಕೊಡುವ ಚಿತ್ರಗಳಲ್ಲಿ ನೆರಳೇ ಸತ್ತುಹೋಗಿರುತ್ತದೆ, ನನಗೆ ಅದು ಹಿಡಿಸುವುದಿಲ್ಲ.

ಹೀಗೆ ಬೆರೆಸುವುದು ಸುಳ್ಳಲ್ವಾ ಅಂತ ಕೇಳುವವರಿದ್ದಾರೆ. ಜೂಲಿಯಸ್ ಶುಲ್ಮನ್ ಅನ್ನುವ ಫೋಟೋಗ್ರಾಫರ್ 1960ರಲ್ಲಿ ಲಾಸ್ ಏಂಜಲೀಸ್‌ನ ಬೆಟ್ಟದ ಅಂಚಿನ ಒಂದು ಗಾಜಿನ ಮನೆಯನ್ನು ರಾತ್ರಿ ಚಿತ್ರಿಸಿದರು. ಆರ್ಕಿಟೆಕ್ಟ್ ಪಿಯರ್ ಕೋನಿಗ್ ವಿನ್ಯಾಸ ಮಾಡಿದ ಆ ಮನೆಯ ಹೆಸರು ಕೇಸ್ ಸ್ಟಡಿ ಹೌಸ್ 22. ನಿಮ್ಮಲ್ಲಿ ಹೆಚ್ಚಿನವರು ಆ ಚಿತ್ರ ನೋಡಿರುತ್ತೀರಿ. ಗಾಜಿನ ಮೂಲೆಯೊಳಗೆ ಇಬ್ಬರು ಹೆಂಗಸರು ಕೂತಿದ್ದಾರೆ, ಕೆಳಗೆ ಇಡೀ ನಗರದ ದೀಪಗಳು. ಆ ದೀಪಗಳು ಫಿಲ್ಮಿನ ಮೇಲೆ ಮೂಡಲು ಸುಮಾರು 7 ನಿಮಿಷ ಶಟರ್ ತೆರೆದಿಡಬೇಕಾಯಿತು. ಅಷ್ಟು ಹೊತ್ತು ಮನೆಯೊಳಗೆ ಕತ್ತಲು. ಆಮೇಲೆ ಫ್ಲ್ಯಾಶ್ ಬಲ್ಬು ಹೊತ್ತಿಸಿ ಒಳಗಿನವರನ್ನು ಹಿಡಿದರು. ಒಂದೇ ನೆಗೆಟಿವ್ ಮೇಲೆ ಎರಡು ಹೊತ್ತು. ಆದರೆ ಆ ಮನೆಯಲ್ಲಿ ರಾತ್ರಿ ಕೂತವರ ಕಣ್ಣಿಗೆ ನಗರವೂ ಕಾಣುತ್ತಿತ್ತು, ಎದುರಿಗೆ ಕೂತವರೂ ಕಾಣುತ್ತಿದ್ದರು. ಫಿಲ್ಮಿಗೆ ಒಂದೇ ಸಲಕ್ಕೆ ಅದು ಆಗುತ್ತಿರಲಿಲ್ಲ. ಅವರು ಅಲ್ಲಿ ಇದ್ದದ್ದನ್ನೇ ತೋರಿಸಿದರು. ನಾನು ಬೆರೆಸುವಾಗಲೂ ಇಷ್ಟನ್ನೇ ನೋಡಿಕೊಳ್ಳುತ್ತೇನೆ, ಅಲ್ಲಿ ನಿಂತವರಿಗೆ ಇದು ಕಾಣುತ್ತಿತ್ತಾ ಅಂತ.

ಆ ಚಿತ್ರದಿಂದ ಆ ಇಬ್ಬರನ್ನು ತೆಗೆದುಬಿಡಿ, ಏನಾಗುತ್ತದೆ? ಮನೆ ಎಷ್ಟು ದೊಡ್ಡದು ಅನ್ನುವುದೇ ಗೊತ್ತಾಗುವುದಿಲ್ಲ. ನಮ್ಮ ಕೆಲಸದಲ್ಲಿ ಜನರನ್ನು ಹೊರಗೆ ಕಳಿಸಿ ಖಾಲಿ ಕೋಣೆ ತೆಗೆಯುವುದೇ ರೂಢಿಯಾಗಿಬಿಟ್ಟಿದೆ. ನನಗೆ ಅದು ಬೇಸರ. ಒಬ್ಬರು ನಡೆದು ಹೋಗುತ್ತಿರಲಿ, ಶಟರ್ ಕಾಲು ಸೆಕೆಂಡೋ ಅರ್ಧ ಸೆಕೆಂಡೋ ಇಡಿ. ಮುಖ ಗುರುತು ಸಿಗುವುದಿಲ್ಲ, ಮನುಷ್ಯರು ಇದ್ದಾರೆ ಅನ್ನುವುದು ಗೊತ್ತಾಗುತ್ತದೆ. ಮುಖ ಕಾಣುವ ಹಾಗಿದ್ದರೆ ಅವರನ್ನು ಕೇಳಿ, ಬರಹದಲ್ಲಿ ಒಪ್ಪಿಗೆ ತೆಗೆದುಕೊಳ್ಳಿ.

ಅಗಲದ ಚಿತ್ರಗಳ ಜೊತೆಗೆ ಹತ್ತಿರದ ಚಿತ್ರಗಳನ್ನೂ ಮರೆಯಬೇಡಿ. ಲೂಸಿಯನ್ ಎರ್ವೆ 1949ರಲ್ಲಿ ಮಾರ್ಸೇಲ್ಸ್‌ಗೆ ಹೋಗಿ, ಇನ್ನೂ ಕಟ್ಟುತ್ತಿದ್ದ ಲ ಕಾರ್ಬೂಸಿಯೇ ಅವರ ದೊಡ್ಡ ವಸತಿ ಕಟ್ಟಡವನ್ನು ಒಂದೇ ದಿನದಲ್ಲಿ 650 ಚಿತ್ರಗಳಲ್ಲಿ ಹಿಡಿದರು. ಅವನ್ನು ನೋಡಿದ ಕಾರ್ಬೂಸಿಯೇ ಎರ್ವೆಯವರನ್ನೇ ತಮ್ಮ ಫೋಟೋಗ್ರಾಫರ್ ಮಾಡಿಕೊಂಡರು, ತಾವು 1965ರಲ್ಲಿ ತೀರಿಕೊಳ್ಳುವವರೆಗೂ. ಎರ್ವೆ ಪ್ರಿಂಟ್‌ಗಳನ್ನು ಕತ್ತರಿಯಿಂದ ಕತ್ತರಿಸಿ ಬೇಡದ್ದನ್ನು ತೆಗೆದುಹಾಕುತ್ತಿದ್ದರು. ಉಳಿಯುತ್ತಿದ್ದುದು ಒಂದು ಓರೆ ನೆರಳು, ಕಾಂಕ್ರೀಟಿನ ಮೈ ಮೇಲೆ ಉಳಿದ ಹಲಗೆಯ ಗುರುತು. ಇಡೀ ಕಟ್ಟಡ ಅದರಲ್ಲಿ ಇರುತ್ತಿತ್ತು.

ಈಗ ನಾನು ತಪ್ಪಾಗಿ ತೆಗೆದದ್ದರ ವಿಷಯ ಹೇಳುತ್ತೇನೆ.

ಒಂದು ಪ್ರಾಥಮಿಕ ಶಾಲೆ. ಶುರುವಾಗಿ ಒಂದು ವರ್ಷ ಆಗಿತ್ತು. ಉದ್ದನೆಯ ಕಾರಿಡಾರ್, ಕೊನೆಯಲ್ಲಿ ಒಂದು ತಿರುವು. ಗೋಡೆಯ ಉದ್ದಕ್ಕೂ ಮಕ್ಕಳ ಮೊಣಕೈ ಎತ್ತರದಲ್ಲಿ ಒಂದು ಮರದ ಪಟ್ಟಿ. ಬೆಳಿಗ್ಗೆ ಮೂಡಣದ ಬೆಳಕು ಸಾಲು ಕಿಟಕಿಗಳಿಂದ ಅಡ್ಡ ಬೀಳುತ್ತಿತ್ತು. ಒಳ್ಳೆಯ ಫ್ರೇಮ್ ಸಿಕ್ಕಿತು. ಮನೆಗೆ ಬಂದು ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ ನೋಡಿದೆ. ಆ ಪಟ್ಟಿಯ ಮೇಲೆ, ಅದರ ಮೇಲಿನ ಗೋಡೆಯ ಮೇಲೆ, ಉದ್ದಕ್ಕೂ ಒಂದು ಕಪ್ಪು ಗೆರೆ. ಹಳೆ ಮನೆಗಳಲ್ಲಿ ಬಾಗಿಲ ಚಿಲಕದ ಸುತ್ತ ಬರುತ್ತದಲ್ಲ, ಹಾಗೆ ಜಿಡ್ಡಿನ ಹೊಳಪು. ತಿರುವಿನ ಮೂಲೆಯಲ್ಲಂತೂ ಇನ್ನೂ ಗಾಢ. ಕೊಳೆ ಅಂದುಕೊಂಡೆ. ಎರಡು ಗಂಟೆ ಕೂತು ಒಂದೊಂದೇ ಕಲೆ ತೆಗೆದೆ. ಪಟ್ಟಿ ಹೊಸದಾಗಿ ಪಾಲಿಶ್ ಮಾಡಿದಂತೆ ಆಯಿತು. ತೃಪ್ತಿಯಿಂದ ಕಳಿಸಿದೆ.

ಮಾರನೇ ದಿನ ಆರ್ಕಿಟೆಕ್ಟ್ ಮೇಡಂ ಫೋನ್ ಮಾಡಿದರು. ‘ಬೆಳಕು ತುಂಬಾ ಚೆನ್ನಾಗಿ ಬಂದಿದೆ. ಆದರೆ ಮಕ್ಕಳ ಕೈ ಎಲ್ಲಿ ಹೋಯ್ತು?’ ಅಂತ ಕೇಳಿದರು.

ಮಕ್ಕಳನ್ನು ನಾನು ತೆಗೆದೇ ಇರಲಿಲ್ಲವಲ್ಲ ಅಂತ ಒಂದು ಕ್ಷಣ ಗೊಂದಲ ಆಯಿತು. ಆಮೇಲೆ ಅವರು ವಿವರಿಸಿದರು. ಚಿಕ್ಕ ಮಕ್ಕಳು ಕಾರಿಡಾರಿನಲ್ಲಿ ಗೋಡೆ ಸವರುತ್ತಾ ನಡೆಯುತ್ತಾರೆ. ಅವರು ಒಂದು ಹಳೆಯ ಶಾಲೆಯಲ್ಲಿ ಕೂತು ಅದನ್ನು ನೋಡಿದ್ದರು, ಎತ್ತರ ಅಳೆದಿದ್ದರು. ಆ ಕೈಗಳಿಗೆ ಸಿಗಲಿ ಅಂತಲೇ ಆ ಪಟ್ಟಿ. ಗಲೀಜಾಗುತ್ತದೆ, ಬೇಡ ಅಂತ ಕಟ್ಟುವವರು ಹೇಳಿದ್ದರಂತೆ. ಇವರು ಪಟ್ಟು ಹಿಡಿದು ಹಾಕಿಸಿದ್ದರು. ತಿರುವಿನ ಮೂಲೆ ಯಾಕೆ ಅಷ್ಟು ಕಪ್ಪು? ಓಡಿ ಬರುವ ಮಕ್ಕಳು ಅಲ್ಲಿ ಪಟ್ಟಿ ಹಿಡಿದು ಗಿರಕಿ ಹೊಡೆದು ತಿರುಗುತ್ತಾರೆ. ಅವರು ನಕ್ಷೆಯಲ್ಲಿ ಊಹಿಸಿದ್ದು ನಿಜವಾಗಿತ್ತು ಅನ್ನುವುದಕ್ಕೆ ಇದ್ದ ಸಾಕ್ಷಿ ಆ ಕಲೆ ಒಂದೇ. ನಾನು ಎರಡು ಗಂಟೆ ಕೂತು ಅದನ್ನೇ ಒರೆಸಿದ್ದೆ.

ಮೂಲ ಫೈಲ್ ಇತ್ತು. ಆವತ್ತೇ ಕಲೆ ಇದ್ದ ಹಾಗೆ ಮತ್ತೆ ಮಾಡಿ ಕಳಿಸಿದೆ. ಅವರು ತಮ್ಮ ಕೆಲಸ ತೋರಿಸುವಾಗ ಮೊದಲು ತೋರಿಸುವುದು ಈಗಲೂ ಆ ಚಿತ್ರವನ್ನೇ. ನಿದ್ದೆ ಕೆಡಿಸಿದ್ದು ಯಾವುದು ಅಂತ ಕೇಳುವ ಅಭ್ಯಾಸ ನನಗೆ ಬಂದದ್ದು ಆ ಫೋನಿನಿಂದ.

ಅಲ್ಲಿಂದ ಈಚೆಗೆ ನಾನು ಒಂದು ಅಳತೆ ಇಟ್ಟುಕೊಂಡಿದ್ದೇನೆ. ನಾಳೆ ಯಾರಾದರೂ ಅಲ್ಲಿಗೆ ಹೋದರೆ ಇದು ಇರುತ್ತದಾ? ಬಕೆಟ್ಟು ಇರುವುದಿಲ್ಲ, ತೆಗೆಯುತ್ತೇನೆ. ನಿಲ್ಲಿಸಿದ ಗಾಡಿ ಇರುವುದಿಲ್ಲ, ತೆಗೆಯುತ್ತೇನೆ. ಕ್ಯಾಮೆರಾ ಸೆನ್ಸರ್ ಮೇಲಿನ ಧೂಳು ಕಟ್ಟಡದ್ದಲ್ಲ, ಅದನ್ನೂ ತೆಗೆಯುತ್ತೇನೆ. ಎದುರಿನ ವಿದ್ಯುತ್ ಕಂಬ ಇರುತ್ತದೆ. ಎಸಿಯ ಹೊರ ಪೆಟ್ಟಿಗೆ ಇರುತ್ತದೆ. ಪಕ್ಕದ ಕಟ್ಟಡ ಇದ್ದೇ ಇರುತ್ತದೆ. ಇವನ್ನು ಕಂಪ್ಯೂಟರಿನಲ್ಲಿ ಅಳಿಸುವುದಿಲ್ಲ. ಬೇಡ ಅನ್ನಿಸಿದರೆ ನಾನೇ ಎರಡು ಹೆಜ್ಜೆ ಸರಿದು ಮರದ ಮರೆಗೆ ಹಾಕುತ್ತೇನೆ. ಕಾಲು ಸವೆಸಬಹುದು, ರಬ್ಬರ್ ಸವೆಸಬಾರದು ಅಂತ ನನ್ನ ಸಹಾಯಕರಿಗೆ ಹೇಳುತ್ತಿರುತ್ತೇನೆ. ಇದನ್ನು ಕೋಟೇಶನ್‌ನಲ್ಲೇ ಒಂದು ಸಾಲು ಬರೆದಿಡುತ್ತೇನೆ. ಮೊದಲೇ ಹೇಳಿದರೆ ಯಾರೂ ಜಗಳ ಆಡುವುದಿಲ್ಲ. ಕೆಲಸ ಮುಗಿದ ಮೇಲೆ ಹೇಳಿದರೆ ನಮ್ಮದು ಹಟ ಅನ್ನಿಸುತ್ತದೆ.

ಕೋಟೇಶನ್ ಮಾತು ಬಂತಲ್ಲ, ಇನ್ನೆರಡು ವಿಷಯ ಹೇಳಿಬಿಡುತ್ತೇನೆ. ದಿನಕ್ಕೆ ಎಷ್ಟು ಚಿತ್ರ ಅಂತ ಮೊದಲೇ ಮಾತಾಡಿ. ಮೇಲೆ ಹೇಳಿದ ಹಾಗೆ ಕೆಲಸ ಮಾಡಿದರೆ ನನಗೆ ದಿನಕ್ಕೆ ಹತ್ತು ಹನ್ನೆರಡು ಮುಗಿದ ಚಿತ್ರಗಳು ಬರುತ್ತವೆ, ಅಷ್ಟೇ. ಐವತ್ತು ಬೇಕು ಅಂದರೆ ಅದು ಬೇರೆ ಬಗೆಯ ಕೆಲಸ. ಎರಡನೆಯದು ಹಕ್ಕು. ಇದನ್ನು ಮಾತಿನಲ್ಲಿ ಬಿಡಬೇಡಿ, ಬರೆಯಿಸಿ. ಯಾಕೆಂದರೆ ಕಾನೂನು ದೇಶದಿಂದ ದೇಶಕ್ಕೆ ಬೇರೆ. ಬ್ರಿಟನ್, ಅಮೆರಿಕಗಳಲ್ಲಿ ಸ್ವತಂತ್ರವಾಗಿ ಕೆಲಸ ಮಾಡುವ ಫೋಟೋಗ್ರಾಫರ್ ತೆಗೆದ ಚಿತ್ರದ ಕಾಪಿರೈಟ್ ಸಾಮಾನ್ಯವಾಗಿ ಅವರದೇ. ಭಾರತದ 1957ರ ಕಾಪಿರೈಟ್ ಕಾಯ್ದೆಯಲ್ಲಿ ಹಾಗಲ್ಲ. ಯಾರೋ ಹಣ ಕೊಟ್ಟು ತೆಗೆಸಿದ ಫೋಟೋಗೆ, ಬೇರೆ ಕರಾರು ಇಲ್ಲದಿದ್ದರೆ, ತೆಗೆಸಿದವರೇ ಮೊದಲ ಒಡೆಯರು. ಆ ‘ಬೇರೆ ಕರಾರು’ ಅನ್ನುವುದೇ ನಿಮ್ಮ ಕೈಯಲ್ಲಿರುವುದು. ಆರ್ಕಿಟೆಕ್ಟ್ ತಮ್ಮ ವೆಬ್‌ಸೈಟಿನಲ್ಲಿ ಹಾಕಬಹುದಾ, ಪತ್ರಿಕೆಗೆ ಕೊಡಬಹುದಾ, ಟೈಲ್ಸ್ ಕಂಪನಿಗೆ ಜಾಹೀರಾತಿಗೆ ಕೊಡಬಹುದಾ, ಎಲ್ಲ ಬಿಡಿಬಿಡಿಯಾಗಿ ಇರಲಿ. ಆರ್ಕಿಟೆಕ್ಟ್, ಡಿಸೈನರ್, ಕಂಟ್ರಾಕ್ಟರ್ ಮೂವರೂ ಬೇಕು ಅಂದರೆ ಮೊದಲೇ ಸೇರಿ ಖರ್ಚು ಹಂಚಿಕೊಳ್ಳಲಿ. ಮೂವರಿಗೂ ಹಗುರ, ನಿಮಗೂ ನ್ಯಾಯ.

ಈಚೆಗೆ ಎಐ ಬಗ್ಗೆ ಎಲ್ಲರೂ ಕೇಳುತ್ತಾರೆ. ಕಟ್ಟುವ ಮೊದಲೇ ಕಟ್ಟಡದ ಚಿತ್ರ ಕಂಪ್ಯೂಟರಿನಲ್ಲಿ ಸಿಗುತ್ತದೆ, ಫೋಟೋ ಅಂತಲೇ ಅನ್ನಿಸುತ್ತದೆ, ಇನ್ನು ನಿಮಗೆ ಕೆಲಸ ಇರುತ್ತದಾ ಅಂತ. ಆ ಚಿತ್ರಗಳಲ್ಲಿ ಬೇಡದ್ದು ಏನೂ ಇರುವುದಿಲ್ಲ, ನಿಜ. ಆದರೆ ಆ ಶಾಲೆಯ ಪಟ್ಟಿಯ ಮೇಲಿನ ಕಲೆಯನ್ನು ಅದು ಎಲ್ಲಿಂದ ತರುತ್ತದೆ? ಅದಕ್ಕೆ ಒಂದು ವರ್ಷ ಮಕ್ಕಳು ಓಡಾಡಬೇಕು. ಕಟ್ಟಡ ಮುಗಿದ ದಿನವೇ ಶೂಟ್ ಮಾಡಿಸುವ ಅವಸರ ಬೇಡ ಅಂತ ನಾನು ಆರ್ಕಿಟೆಕ್ಟ್‌ಗಳಿಗೆ ಹೇಳುವುದು ಇದಕ್ಕೇ. ಒಂದು ಸಲ ಹೊಸದರಲ್ಲಿ ತೆಗೆಯೋಣ. ಒಂದು ವರ್ಷ ಬಿಟ್ಟು ಅರ್ಧ ದಿನ ಮತ್ತೆ ಬರುತ್ತೇನೆ. ಈ ಎರಡನೇ ಸಲಕ್ಕೆ ಒಪ್ಪುವವರು ಕಡಿಮೆ, ಆದರೆ ಒಪ್ಪಿದವರು ಯಾರೂ ಬೇಸರ ಪಟ್ಟಿಲ್ಲ.

ಮಾತು ಮುಗಿದ ಮೇಲೆ ಒಬ್ಬ ಹುಡುಗಿ ಎದ್ದು ಕೇಳಿದಳು, ‘ಸಾರ್, ನಮಗೆ ಯಾರೂ ಇನ್ನೂ ಕೆಲಸ ಕೊಟ್ಟಿಲ್ಲ. ಎಲ್ಲಿಂದ ಶುರು ಮಾಡೋದು?’

ನೀವು ದಿನಾ ಹೋಗುವ ಒಂದು ಕಟ್ಟಡ ಇರುತ್ತದಲ್ಲಮ್ಮ, ಲೈಬ್ರರಿಯೋ ಕಾಲೇಜೋ, ಅದನ್ನೇ ಹಿಡಿದುಕೋ ಅಂದೆ. ಮೊದಲ ದಿನ ಕ್ಯಾಮೆರಾ ಬೇಡ, ಎಲ್ಲಿ ಎಷ್ಟು ಹೊತ್ತಿಗೆ ಬೆಳಕು ಬರುತ್ತದೆ ಅಂತ ಒಂದು ಚೀಟಿಯಲ್ಲಿ ಬರೆದುಕೋ. ಜನ ಎಲ್ಲಿ ಒರಗಿ ನಿಲ್ಲುತ್ತಾರೆ, ಯಾವ ಮೆಟ್ಟಿಲು ಸವೆದಿದೆ ನೋಡು. ಆಮೇಲೆ ಆರು ಚಿತ್ರ ಮಾತ್ರ ತೆಗಿ. ಕಟ್ಟಿದ ಆರ್ಕಿಟೆಕ್ಟ್ ಇದ್ದರೆ ಹುಡುಕಿ ಪ್ರಿಂಟ್ ಮಾಡಿಸಿ ಕೊಂಡುಹೋಗಿ ತೋರಿಸು. ಅವರು ಯಾವ ಚಿತ್ರವನ್ನು ಎತ್ತಿಕೊಂಡು ಜಾಸ್ತಿ ಹೊತ್ತು ನೋಡುತ್ತಾರೆ ಅಂತ ಗಮನಿಸು. ಟ್ರೈಪಾಡ್ ಒಳಗೆ ತರಬಹುದಾ ಅಂತ ಮಾತ್ರ ಹಿಂದಿನ ದಿನವೇ ಕೇಳಿಕೋ.